ಕುಂಡಕ್ಕೆ ಪೀಟ್ ಯಾಕೆ, ಬೀದಿಯಲ್ಲಿ ಹೊಂಗೆ ಎಲೆ ಬಿದ್ದಿರುವಾಗ

ಹೋದ ವಾರ ಎದುರು ಮನೆಯ ಹುಡುಗಿ ಒಂದು ಚೀಲ ಹಿಡಿದುಕೊಂಡು ಬಂದಳು. "ಅಜ್ಜಿ, ಇದನ್ನ ಕುಂಡಕ್ಕೆ ಎಷ್ಟು ಹಾಕಬೇಕು?" ಅಂತ ಕೇಳಿದಳು. ನೋಡಿದರೆ ಪೀಟ್ ಮಾಸ್. ಹೊರದೇಶದಿಂದ ಬಂದದ್ದು. ಅವಳು ಕೊಟ್ಟ ದುಡ್ಡು ಕೇಳಿ ನನಗೆ ಸಂಕಟವೇ ಆಯಿತು. ಬೆಳೆಯಬೇಕು ಅಂದುಕೊಂಡಿದ್ದು ನಾಲ್ಕು ಕುಂಡ ಮೆಂತ್ಯ ಸೊಪ್ಪು, ಎರಡು ಕುಂಡ ಟೊಮೆಟೊ, ಅಷ್ಟೇ. ಆ ದುಡ್ಡಿನಲ್ಲಿ ನನ್ನ ತಾರಸಿಯ ಗಿಡಗಳೆಲ್ಲ ಒಂದು ವರ್ಷ ಉಣ್ಣುತ್ತವೆ.

ಪೀಟ್ ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಚಳಿ ದೇಶಗಳ ಜೌಗು ನೆಲದಲ್ಲಿ ಪಾಚಿ ಜಾತಿಯ ಗಿಡಗಳು ಬೆಳೆದು, ಸತ್ತು, ನೀರಿನ ಅಡಿಗೆ ಸೇರುತ್ತವೆ. ಅಲ್ಲಿ ಗಾಳಿ ಆಡುವುದಿಲ್ಲ. ಹಾಗಾಗಿ ಪೂರ್ತಿ ಕೊಳೆಯುವುದೂ ಇಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪ ಕೂಡುತ್ತದೆ. ಒಂದು ಗೇಣು ಪೀಟ್ ಆಗಬೇಕಾದರೆ 200 ವರ್ಷ ಬೇಕು. ಲೋಕದ ನೆಲದಲ್ಲಿ ಇಂಥ ಜಾಗ ನೂರಕ್ಕೆ 3 ಭಾಗ ಮಾತ್ರ. ಆದರೂ ಕಾಡುಗಳೆಲ್ಲ ಸೇರಿ ಹಿಡಿದಿಟ್ಟಿರುವುದಕ್ಕಿಂತ ಹೆಚ್ಚು ಇಂಗಾಲ ಅದರೊಳಗಿದೆ. ಅಗೆದು ಒಣಗಿಸಿದರೆ ಆ ಇಂಗಾಲ ಗಾಳಿಗೆ ಸೇರಿಬಿಡುತ್ತದೆ. ನಮ್ಮ ಮೆಂತ್ಯ ಸೊಪ್ಪಿಗಾಗಿ ಅದನ್ನು ಅಗೆಸಬೇಕಾ?

ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿಯವರಿಗೆ ಪೀಟ್ ಹಳೆಯ ಅಭ್ಯಾಸ, ಮನೆಮನೆಗೂ ಚೀಲ ಬರುತ್ತಿತ್ತು. ಮನೆ ತೋಟದವರಿಗೆ ಪೀಟ್ ಮಾರುವುದನ್ನು 2024ರ ಹೊತ್ತಿಗೆ ನಿಲ್ಲಿಸುತ್ತೇವೆ ಅಂತ ಅಲ್ಲಿನ ಸರ್ಕಾರ 2022ರಲ್ಲಿ ಹೇಳಿತು. ಆ ಹೊತ್ತಿಗೆ ಕಾನೂನು ಬರಲಿಲ್ಲ. ಆದರೂ ಪೀಟ್ ಇಲ್ಲದ ಚೀಲಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ನಾನು ಹೋಗಿದ್ದಾಗ ಚೀಲದ ಹಿಂದೆ ಓದಿಸಿಕೊಂಡೆ. ಮರದ ತೊಗಟೆ, ಮರದ ನಾರು, ಕೊಯರ್ ಅಂತ ಇತ್ತು. ಕೊಯರ್ ಅಂದರೆ ನಮ್ಮ ತೆಂಗಿನ ನಾರಿನದೇ. ದಕ್ಷಿಣ ಭಾರತದಿಂದ, ಶ್ರೀಲಂಕಾದಿಂದ ಹಡಗಿನಲ್ಲಿ ಹೋಗುತ್ತದೆ. ಅವರು ಪೀಟ್ ಬಿಟ್ಟು ನಮ್ಮ ನಾರಿನ ಪುಡಿ ತರಿಸುತ್ತಿದ್ದಾರೆ. ನಾವು ನಾರಿನ ಪುಡಿ ಇಟ್ಟುಕೊಂಡು ಅವರ ಪೀಟ್ ತರಿಸುತ್ತಿದ್ದೇವೆ. ಇದು ಸರಿಯಲ್ಲ ಅಲ್ವಾ?

ನಾನು ಹುಟ್ಟಿದ್ದು ತಿಪಟೂರು ಸೀಮೆ. ಮಟ್ಟೆ ಬಡಿದು ನಾರು ತೆಗೆಯುವ ಕಡೆಯಲ್ಲೆಲ್ಲ ಹಿಂದುಗಡೆ ಕಂದು ಪುಡಿ ಗುಡ್ಡದ ಹಾಗೆ ಬಿದ್ದಿರುತ್ತಿತ್ತು. ಗಾಳಿ ಬಂದರೆ ಕಣ್ಣಿಗೆ ಬೀಳುತ್ತಿತ್ತು. ಮಳೆ ಬಂದರೆ ಅದರಿಂದ ಇಳಿದ ಕೆಂಪು ನೀರು ಹೋದ ಕಡೆ ಹುಲ್ಲು ಸರಿಯಾಗಿ ಬರುತ್ತಿರಲಿಲ್ಲ. ಅದೇ ಪುಡಿಗೆ ಈಗ ಕೋಕೋಪೀಟ್ ಅಂತ ಹೆಸರು. ಇಟ್ಟಿಗೆಯ ಹಾಗೆ ಒತ್ತಿ ಮಾರುತ್ತಾರೆ. 5 ಕಿಲೋ ಇಟ್ಟಿಗೆ ನೀರು ಕುಡಿದು 70 ಲೀಟರ್‌ನಷ್ಟು ಉಬ್ಬುತ್ತದೆ. ಚಿಕ್ಕ ಚಿಕ್ಕ ಪ್ಯಾಕೆಟ್ ಕೊಳ್ಳುವುದಕ್ಕಿಂತ ನಾಲ್ಕು ಮನೆಯವರು ಸೇರಿ ದೊಡ್ಡ ಇಟ್ಟಿಗೆ ಕೊಂಡು ಹಂಚಿಕೊಳ್ಳಿ, ತುಂಬಾ ಅಗ್ಗವಾಗುತ್ತದೆ.

ಇದರಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಅದನ್ನು ಹೇಳಲೇಬೇಕು. ಊರಿನಿಂದ ಎರಡು ಮೂಟೆ ಹಸಿ ಪುಡಿ ಬಿಟ್ಟಿಯಾಗಿ ಸಿಕ್ಕಿತು. ತಂದವಳೇ ಮಣ್ಣಿಗೆ ಬೆರೆಸಿ ಟೊಮೆಟೊ ಸಸಿ ನೆಟ್ಟೆ. ಹದಿನೈದು ದಿನಕ್ಕೆ ಎಲೆ ಹಳದಿ, ಅಂಚೆಲ್ಲ ಸುಟ್ಟ ಹಾಗೆ. ಒಂದೂ ಮೇಲೇಳಲಿಲ್ಲ. ಹಸಿ ಪುಡಿಯಲ್ಲಿ ಉಪ್ಪಿರುತ್ತದೆ, ಒಗರೂ ಇರುತ್ತದೆ. ಅದು ಸಾಲದು ಅಂತ, ಪುಡಿ ಕೊಳೆಯುವಾಗ ಮಣ್ಣಿನಲ್ಲಿರುವ ಸಾರಜನಕವನ್ನೂ ತಾನೇ ತಿನ್ನುತ್ತದೆ. ಗಿಡಕ್ಕೆ ಏನೂ ಉಳಿಯುವುದಿಲ್ಲ.

ಅದಕ್ಕೇ ಹೇಳುವುದು, ಪ್ಯಾಕೆಟ್ ಕೊಳ್ಳುವುದಾದರೆ 'ತೊಳೆದದ್ದು' ಅಥವಾ 'ಲೋ ಇಸಿ' ಅಂತ ಬರೆದಿರುವುದನ್ನೇ ನೋಡಿ. ಲೋ ಇಸಿ ಅಂದರೆ ಉಪ್ಪು ಕಡಿಮೆ ಅಂತ. ಹಸಿ ಪುಡಿ ಸಿಕ್ಕಿದರೆ ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಸಿ, ಹಳೆ ಪಂಚೆಯಲ್ಲಿ ಕಟ್ಟಿ ಹಿಂಡಿ. ಹೀಗೆ ಮೂರು ಸಲ. ಮೊದಲ ನೀರು ಕಡು ಟೀ ಬಣ್ಣ ಇರುತ್ತದೆ, ಮೂರನೆಯದಕ್ಕೆ ತಿಳಿಯಾಗುತ್ತದೆ. ಆ ನೀರನ್ನು ಗಿಡಕ್ಕೆ ಹಾಕಬೇಡಿ. ಆಮೇಲೆ ಸಗಣಿ ನೀರು ಚಿಮುಕಿಸಿ, ಮೂಟೆ ಕಟ್ಟಿ, ನೆರಳಲ್ಲಿ ಎರಡು ತಿಂಗಳು ಇಡಿ. ಜಾಸ್ತಿ ಪುಡಿ ಇರುವ ರೈತರಿಗೆ ಬೇರೆ ಕ್ರಮ ಇದೆ. 1 ಟನ್ ಪುಡಿಗೆ 5 ಕಿಲೋ ಯೂರಿಯಾ, 5 ಬಾಟಲ್ ಅಣಬೆ ಬೀಜ ಪದರ ಪದರವಾಗಿ ಹಾಕಿ ತೇವ ಕಾಯುತ್ತಾರೆ. ಒಂದು ತಿಂಗಳಲ್ಲಿ ಪುಡಿ ಕಪ್ಪಾಗಿ ಗೊಬ್ಬರವಾಗುತ್ತದೆ. ಮನೆಯವರಿಗೆ ಅದು ಬೇಕಿಲ್ಲ.

ಇನ್ನೊಂದು ಮಾತು ಚೆನ್ನಾಗಿ ನೆನಪಿಡಿ. ಕೋಕೋಪೀಟ್ ನೀರು ಹಿಡಿಯುತ್ತದೆ, ಬೇರಿಗೆ ಗಾಳಿ ಕೊಡುತ್ತದೆ. ಊಟ ಕೊಡುವುದಿಲ್ಲ. ಬರೀ ಕೋಕೋಪೀಟ್ ತುಂಬಿ "ಗಿಡ ಬರುತ್ತಿಲ್ಲ" ಅಂತ ಬೇಜಾರು ಮಾಡಿಕೊಳ್ಳುವವರನ್ನು ತುಂಬಾ ನೋಡಿದ್ದೇನೆ. ನನ್ನ ಲೆಕ್ಕ ಸರಳ. ಒಂದು ಬೊಗಸೆ ಕೆಮ್ಮಣ್ಣು, ಒಂದು ಬೊಗಸೆ ಗೊಬ್ಬರ, ಒಂದು ಬೊಗಸೆ ನಾರಿನ ಪುಡಿ ಅಥವಾ ಕೊಳೆತ ಎಲೆ ಪುಡಿ. ಕುಂಡದ ತಳಕ್ಕೆ ಎಳನೀರು ಬುಂಡೆಯ ನಾಲ್ಕು ಚೂರು. ಹಿಡಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಸೇರಿಸಿದರೆ ಬೇರಿಗೆ ಹುಳ ಬರುವುದು ಕಡಿಮೆ. ಬೆರೆಸಿದ ಮೇಲೆ ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆ ಆಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಒಡೆಯದಿದ್ದರೆ ಮಣ್ಣು ಜಾಸ್ತಿ. ಉಂಡೆಯೇ ಆಗದಿದ್ದರೆ ಒಣಗಿದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಎಲೆ ಗೊಬ್ಬರ. ಪೀಟ್ ಮಾಡುವ ಕೆಲಸವನ್ನು ಕೊಳೆತ ಎಲೆಯೂ ಚೆನ್ನಾಗಿ ಮಾಡುತ್ತದೆ, ನೀರನ್ನು ಸ್ಪಂಜಿನ ಹಾಗೆ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಬೀದಿ ತುಂಬಾ ಎಲೆ. ಹೊಂಗೆ ಉದುರುತ್ತದೆ, ಮಳೆ ಮರ ಉದುರುತ್ತದೆ. ಬೆಳಗ್ಗೆ ಗುಡಿಸಿ ಗುಡ್ಡೆ ಮಾಡಿರುತ್ತಾರೆ, ಎಷ್ಟೋ ಕಡೆ ಯಾರೋ ಬೆಂಕಿ ಹಚ್ಚಿಬಿಡುತ್ತಾರೆ. ಆ ಹೊಗೆ ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಬೀದಿ ಗುಡಿಸುವ ತಾಯಿಗೆ ನಾನೇ ಎರಡು ಗೋಣಿಚೀಲ ಕೊಟ್ಟಿದ್ದೇನೆ. ಪ್ಲಾಸ್ಟಿಕ್ ಬೇರೆ ಮಾಡಿ ಎಲೆ ಮಾತ್ರ ತುಂಬಿ ಗೇಟಿನ ಹತ್ತಿರ ಇಡುತ್ತಾರೆ. ಒಂದು ಲೋಟ ಕಾಫಿ ಕೊಟ್ಟು, ಕೂತು ಎರಡು ಮಾತಾಡುತ್ತೇನೆ. ಅವರಿಗೂ ಗಾಡಿಗೆ ಹೊರುವುದು ತಪ್ಪುತ್ತದೆ.

ಎಲ್ಲ ಎಲೆಯೂ ಒಂದೇ ಅಲ್ಲ. ಹೊಂಗೆ ಬೇಗ ಕೊಳೆಯುತ್ತದೆ, ಸತ್ವವೂ ಜಾಸ್ತಿ. ಮಳೆ ಮರದ್ದು ಸಣ್ಣ ಎಲೆ, ಪುಡಿ ಮಾಡುವ ಕೆಲಸವೇ ಇಲ್ಲ. ಮಾವು, ಹಲಸು ದಪ್ಪ, ಕೈಯಲ್ಲಿ ಹರಿದು ಹಾಕಿ, ತಡವಾಗುತ್ತದೆ. ನೀಲಗಿರಿ ಬೇಡ, ಅದರ ಎಣ್ಣೆ ಸಸಿಗೆ ಆಗುವುದಿಲ್ಲ. ಮಲೆನಾಡಿನವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಉತ್ತರ ಕನ್ನಡ, ಶಿವಮೊಗ್ಗ ಕಡೆ ಅಡಿಕೆ ತೋಟಕ್ಕೆ ಸೊಪ್ಪು, ದರಗು ಅಂದರೆ ಉದುರಿದ ಒಣ ಎಲೆ ತರಲೆಂದೇ ಸೊಪ್ಪಿನಬೆಟ್ಟ ಅನ್ನುವ ಕಾಡು ಜಾಗಗಳಿವೆ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ, ಸಗಣಿ ಗಂಜಳದ ಜೊತೆ ಗುಂಡಿಗೆ ಎಳೆಯುತ್ತಾರೆ. ಅಂಥ ಗೊಬ್ಬರಕ್ಕೆ ಸಮ ಬೇರೆ ಇಲ್ಲ.

ನಿಮ್ಮೂರಿನಲ್ಲಿ ಎಲೆ ಇಲ್ಲದಿದ್ದರೆ ಬೇರೆ ಏನೋ ಬಿದ್ದಿರುತ್ತದೆ, ಕಣ್ಣು ಬಿಟ್ಟು ನೋಡಿ. ರೈಸ್ ಮಿಲ್ ಇರುವ ಕಡೆ ಭತ್ತದ ಹೊಟ್ಟು ಸಿಗುತ್ತದೆ. ಹಸಿ ಹೊಟ್ಟಿಗಿಂತ ಕರಿಯಾಗಿ ಸುಟ್ಟ ಹೊಟ್ಟು ಒಳ್ಳೆಯದು, ಆದರೆ ಬಿಳಿ ಬೂದಿಯಾಗುವ ತನಕ ಸುಡಬಾರದು. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಇದೆ, ಅಂದರೆ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ. ಬಿಸಿ ಆರಿ, ಪೂರ್ತಿ ಕೊಳೆತು ಹಣ್ಣಾಗಿರಬೇಕು, ಇಲ್ಲದಿದ್ದರೆ ಬೇರು ಸುಡುತ್ತದೆ. ಕೊಡಗು, ಚಿಕ್ಕಮಗಳೂರಿನವರಿಗೆ ಕಾಫಿ ಸಿಪ್ಪೆ. ಕಡಲೆಕಾಯಿ ಸೀಮೆಯವರಿಗೆ ಕಡಲೆಕಾಯಿ ಸಿಪ್ಪೆ. ಮರದ ಪುಡಿ ಮಾತ್ರ ಹುಷಾರು. ಪ್ಲೈವುಡ್ ಕೊಯ್ದ ಪುಡಿಯಲ್ಲಿ ಅಂಟು ಇರುತ್ತದೆ, ಬೇಡವೇ ಬೇಡ.

ಅಡಿಗೆಮನೆ ಗೊಬ್ಬರದ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಹಳೆ ಬಕೆಟ್ಟಿಗೆ ತಳದಲ್ಲೂ ಪಕ್ಕದಲ್ಲೂ ತೂತು ಮಾಡಿ. ಒಂದು ಬಟ್ಟಲು ತರಕಾರಿ ಸಿಪ್ಪೆ ಹಾಕಿದರೆ ಎರಡು ಬಟ್ಟಲು ಒಣ ಎಲೆ ಹಾಕಿ. ವಾಸನೆ ಬರುವುದು, ಹುಳ ಆಗುವುದು ಎಲ್ಲ ಒಣ ಎಲೆ ಕಡಿಮೆಯಾದಾಗಲೇ. ಮೊದಲ ಸಲ ಹಿಡಿ ಹಳೆ ಗೊಬ್ಬರ, ಅರ್ಧ ಲೋಟ ಹುಳಿ ಮಜ್ಜಿಗೆ. ವಾರಕ್ಕೆರಡು ಸಲ ಕೋಲಿನಿಂದ ಕೆದಕಿ. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ ಹಾಕಬಹುದು. ಅನ್ನ, ಸಾರು, ಎಣ್ಣೆ ಪದಾರ್ಥ ಬೇಡ, ಇಲಿ ಬರುತ್ತದೆ. ದೇವರ ಹೂವು ಹಾಕುವ ಮೊದಲು ದಾರ ತೆಗೆಯಿರಿ. ಎರಡು ತಿಂಗಳಲ್ಲಿ ಕಪ್ಪಾಗುತ್ತದೆ.

ಆದರೆ ಹೊಸದಾಗಿ ಶುರು ಮಾಡುವವರಿಗೆ ಎರಡು ತಿಂಗಳು ಕಾಯುವ ತಾಳ್ಮೆ ಇರುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಕೊಳ್ಳಲೇಬೇಕು ಅಂದರೆ ಎಲ್ಲಿ ಕೊಳ್ಳಬೇಕು? ಬೆಂಗಳೂರಿನಲ್ಲಿ ಹರಳುಕುಂಟೆ, ಕೂಡ್ಲು ಕಡೆ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಇದೆ. 1975ರಲ್ಲಿ ಶುರುವಾದದ್ದು, ನಗರದ ಹಸಿ ಕಸದಿಂದ ಗೊಬ್ಬರ ಮಾಡಲೆಂದೇ ಇರುವುದು. ಹೋಗುವ ಮೊದಲು ಮಾಲು ಇದೆಯಾ ಅಂತ ಫೋನ್ ಮಾಡಿ ಕೇಳಿ. ನಗರದ ಕಸದ ಗೊಬ್ಬರವನ್ನು ಎಲ್ಲಿ ತಂದರೂ ಜರಡಿ ಹಿಡಿಯಿರಿ, ಗಾಜಿನ ಚೂರು, ಪ್ಲಾಸ್ಟಿಕ್ ಇರಬಹುದು. ನಾನು ಅದನ್ನು ಹೂವಿನ ಗಿಡಕ್ಕೆ ಹಾಕುತ್ತೇನೆ, ಸೊಪ್ಪಿಗೆ ಮನೆಯದೇ. ಬೇರೆ ಜಿಲ್ಲೆಯವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಎಷ್ಟೋ ಕಡೆ ಎರೆಗೊಬ್ಬರವೂ ಸಿಗುತ್ತದೆ, ಸಾಕಲು ಎರೆಹುಳುವೂ ಸಿಗುತ್ತದೆ. ಊರ ಹೊರಗೆ ಹಸು ಸಾಕಿದವರ ಹತ್ತಿರ ಒಂದು ವರ್ಷ ಹಳೆಯ ತಿಪ್ಪೆ ಗೊಬ್ಬರ ಕೇಳಿ. ಹಸಿ ಸಗಣಿ ತಂದರೆ ಬೇರು ತಿನ್ನುವ ಗೊಣ್ಣೆ ಹುಳು ಜೊತೆಗೇ ಬರುತ್ತದೆ. ಕುರಿ ಗೊಬ್ಬರ ಸಿಕ್ಕಿದರೆ ಬಿಡಬೇಡಿ, ಆದರೆ ಅದರ ಸತ್ವ ಜೋರು, ಅರ್ಧ ಅಳತೆ ಸಾಕು.

ರಸ್ತೆ ಬದಿ ಗಾಡಿಯಲ್ಲಿ ಎರೆಗೊಬ್ಬರ ಅಂತ ಕೊಟ್ಟದ್ದನ್ನು ನಾನು ಒಮ್ಮೆ ನಂಬಿ ಕೊಂಡೆ. ಮುಕ್ಕಾಲು ಪಾಲು ಕೆರೆ ಮಣ್ಣು. ಅವತ್ತಿನಿಂದ ಪರೀಕ್ಷೆ ಮಾಡದೆ ಕೊಳ್ಳುವುದಿಲ್ಲ. ಮೂಗಿನ ಹತ್ತಿರ ಹಿಡಿಯಿರಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಚರಂಡಿ ವಾಸನೆ, ಹುಳಿ ವಾಸನೆ ಬಂದರೆ ಇನ್ನೂ ಹಣ್ಣಾಗಿಲ್ಲ. ಮೂಟೆಯೊಳಗೆ ಕೈ ತೂರಿಸಿ, ಬಿಸಿ ಇರಬಾರದು. ಒಂದು ಹಿಡಿಯನ್ನು ನೀರಿನ ಲೋಟಕ್ಕೆ ಹಾಕಿ ಕಲಕಿ. ತಳದಲ್ಲಿ ಮರಳು, ಜೇಡಿ ಜಾಸ್ತಿ ಕೂತರೆ ನಿಮಗೆ ಮಣ್ಣು ಮಾರುತ್ತಿದ್ದಾರೆ ಅಂತ. ಇನ್ನೂ ಅನುಮಾನವಿದ್ದರೆ ಅಂಗೈಯಷ್ಟು ತಂದು ಹತ್ತು ಕಾಳು ಮೆಂತ್ಯ ಬಿತ್ತಿ. ನಾಲ್ಕೈದು ದಿನದಲ್ಲಿ ಎಂಟಾದರೂ ಹಸಿರಾಗಿ ಎದ್ದರೆ ಒಂದು ಚೀಲ ತನ್ನಿ.

ಎದುರು ಮನೆಯ ಹುಡುಗಿ ಚೀಲ ಬಿಚ್ಚಿರಲಿಲ್ಲ, ವಾಪಸ್ ಕಳಿಸಿದಳು. ನನ್ನ ಹಳೆ ಗೊಬ್ಬರದಲ್ಲಿ ಒಂದು ಬುಟ್ಟಿ ಕೊಟ್ಟೆ, ಮೆಂತ್ಯ ಬಿತ್ತಿದ್ದಾಳೆ. ಮುಂದಿನ ವರ್ಷಕ್ಕೆ ಈಗಲೇ ಎಲೆ ತುಂಬಿಸುತ್ತಿದ್ದೇವೆ. ನೀವೂ ತುಂಬಿಡಿ. ದಪ್ಪ ಚೀಲಕ್ಕೆ ಹತ್ತು ತೂತು ಮಾಡಿ, ಒಂದು ಮೊಳ ಎಲೆ ಹಾಕಿ ನೀರು ಚಿಮುಕಿಸಿ, ಕಾಲಲ್ಲಿ ತುಳಿದು, ಮೇಲೆ ಹಿಡಿ ಸಗಣಿ ಪುಡಿ, ಮತ್ತೆ ಎಲೆ. ಬಾಯಿ ಕಟ್ಟಿ ನೆರಳಲ್ಲಿ ನಿಲ್ಲಿಸಿ. ಹದಿನೈದು ದಿನಕ್ಕೊಮ್ಮೆ ಮಗುಚಿ, ಒಣಗಿದ್ದರೆ ನೀರು ಹಾಕಿ. ಫೆಬ್ರವರಿಯಲ್ಲಿ ಕಟ್ಟಿದ ಹೊಂಗೆ ಚೀಲವನ್ನು ನಾನು ಆಗಸ್ಟ್ ಹೊತ್ತಿಗೆ ಬಿಚ್ಚುತ್ತೇನೆ. ನಾಲ್ಕು ಚೀಲ ಎಲೆ ಒಂದು ಚೀಲ ಗೊಬ್ಬರವಾಗಿರುತ್ತದೆ, ಅದಕ್ಕೇ ಕಟ್ಟುವಾಗ ಕೈ ಹಿಡಿಯದೆ ಜಾಸ್ತಿಯೇ ಕಟ್ಟಿ.