ಸುಡದ ಇಟ್ಟಿಗೆಯಲ್ಲಿ ಚರ್ಚು: ಉತ್ತರ ಉಗಾಂಡದ ನನ್ನ ಅನುಭವ

ಗುಲು, ಕಿಟ್‌ಗುಮ್ ಕಡೆ ಮಿಷನ್ ಕಟ್ಟಡ ಅಂದರೆ ಸುಟ್ಟ ಇಟ್ಟಿಗೆ, ದಪ್ಪ ಗಾರೆ, ಮೇಲೊಂದು ತಗಡು. ಅದನ್ನು ಬಿಟ್ಟು, ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿದ, ಒಂದರ ಕೊಂಡಿ ಇನ್ನೊಂದರಲ್ಲಿ ಕೂರುವ ಮಣ್ಣಿನ ಇಂಟರ್‌ಲಾಕ್ ಬ್ಲಾಕಿನಲ್ಲಿ ಚರ್ಚು, ವಿಧವೆಯರ ಮನೆ ಕಟ್ಟೋಣ ಅಂದಾಗ ಯಾರಿಗೂ ರುಚಿಸಲಿಲ್ಲ. ಕಾಣಿಕೆ ಕಳಿಸುವವರು ಮಣ್ಣಿನ ಚರ್ಚಿಗೆ ಇಷ್ಟು ಹಣ ಯಾಕೆ ಅಂದರು. ಸಭೆಯ ಹಿರಿಯರಿಗೆ ತಮ್ಮ ಹುಲ್ಲಿನ ಗುಡಿಸಲಿಗಿಂತ ಇದು ಹೇಗೆ ಮೇಲು ಎಂಬ ಅನುಮಾನ. ಮೇಸ್ತ್ರಿಗಳಿಗೆ ಗಾರೆ ಇಳಿದರೆ ಕೂಲಿಯೂ ಇಳಿದೀತೆಂಬ ಭಯ. ಈಗ ಆ ಗೋಡೆಗಳು ಹಲವು ಮಳೆಗಾಲ ಕಂಡಿವೆ, ಗಿಲಾವು ಕಾಣದ ಹೊರಮೈ ಹಾಗೇ ನಿಂತಿದೆ, ಅನುಮಾನಪಟ್ಟವರೇ ಯಂತ್ರ ಎರವಲು ಕೇಳುತ್ತಿದ್ದಾರೆ. ಕೆಳಗಿನ ಅಂಕಿಗಳು ನೆನಪಿನವು, ನೂರಕ್ಕೆ ಐದು ಹತ್ತು ಆಚೀಚೆ ಆದೀತು.

ಮೊದಲು ಎಲ್ಲರೂ ಎತ್ತುವ ಆಕ್ಷೇಪ: "ಬ್ಲಾಕಿಗೇ ಸಿಮೆಂಟ್ ಹಾಕಿದರೆ ಉಳಿತಾಯ ಎಲ್ಲಿಂದ ಬಂತು?" 8 × 16 ಮೀಟರಿನ ಒಂದು ಆರಾಧನಾ ಹಾಲ್ ಹಿಡಿಯಿರಿ. ಬಾಗಿಲು ಕಿಟಕಿ ಕಳೆದು, ಎರಡು ತುದಿಯ ತ್ರಿಕೋನ ಗೋಡೆ ಸೇರಿಸಿ ಸುಮಾರು 135 ಚದರ ಮೀಟರ್ ಗೋಡೆ. 265 × 140 × 100 ಮಿಲಿಮೀಟರಿನ ಬ್ಲಾಕು ಚದರ ಮೀಟರಿಗೆ 38ರಷ್ಟು. ಮೂರು ಮೀಟರಿಗೊಂದು ಆಸರೆಗಂಬ, ಒಡೆದದ್ದು, ತಿರಸ್ಕರಿಸಿದ್ದು ಎಲ್ಲಾ ಸೇರಿ 6,000. ಚೀಲಕ್ಕೆ 90ರಿಂದ 100 ಬ್ಲಾಕು ತೆಗೆದರೆ 60-65 ಚೀಲ ಸಿಮೆಂಟ್, ತೆಳು ಗಾರೆಗೆ ಇನ್ನು ಹದಿನೈದು. ಅದೇ ಗೋಡೆ ಊರ ಸುಟ್ಟ ಇಟ್ಟಿಗೆಯಲ್ಲಾದರೆ? ಆ ಇಟ್ಟಿಗೆ ಒಂದರಂತೆ ಒಂದಿರುವುದಿಲ್ಲ, ಹಾಗಾಗಿ ಗಾರೆ ಎರಡು ಎರಡೂವರೆ ಸೆಂಟಿಮೀಟರ್ ದಪ್ಪ ಕೂರುತ್ತದೆ. ಒಂದಿಟ್ಟಿಗೆ ದಪ್ಪದ ಗೋಡೆ ಗಾರೆಗೇ 70 ಚೀಲ ನುಂಗುತ್ತದೆ, ಒಳಹೊರಗಿನ ಗಿಲಾವಿಗೆ ಮತ್ತೆ 30. ಅದರ ಮೇಲೆ ಹನ್ನೆರಡು ಸಾವಿರ ಇಟ್ಟಿಗೆಯ ಬೆಲೆ, ಭಟ್ಟಿಗೆ ಕಡಿದ ಮರ. ಚೀಲ 35,000 ಶಿಲ್ಲಿಂಗಿನ ಆಸುಪಾಸು ಇದ್ದಾಗ ನಮ್ಮ ಗೋಡೆ ಕಾಲು ಭಾಗಕ್ಕೂ ಹೆಚ್ಚು ಅಗ್ಗಕ್ಕೆ ಬಂತು. ಪಾಯ, ನೆಲ, ಗೋಡೆಯ ಮೇಲೆ ಸುತ್ತ ಹಾಕುವ ಕಾಂಕ್ರೀಟ್ ಬೆಲ್ಟಿಗೆ ಎರಡರಲ್ಲೂ ಒಂದೇ ಖರ್ಚು, 110-115 ಚೀಲ. ಅಲ್ಲಿ ಉಳಿತಾಯ ಹುಡುಕಬೇಡಿ.

ಹಣಕ್ಕಿಂತ ಹೆಚ್ಚು ಕಾಡಿದ್ದು ಕಾಲ. ಉತ್ತರದಲ್ಲಿ ಮಳೆ ಹೆಚ್ಚುಕಡಿಮೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಆಮೇಲೆ ಕಡು ಒಣಗಾಲ. ಎಲ್ಲರೂ ಒಣಗಾಲದಲ್ಲಿ ಬ್ಲಾಕು ಒತ್ತಿ ಒಣಗಾಲದಲ್ಲೇ ಕಟ್ಟಲು ಹೋಗುತ್ತಾರೆ, ನೀರಿಗೆ ಸಿಕ್ಕಿಬೀಳುತ್ತಾರೆ. ಬ್ಲಾಕೊಂದಕ್ಕೆ ಕಲಸಲು ಮುಕ್ಕಾಲರಿಂದ ಒಂದು ಲೀಟರ್, ಕ್ಯೂರಿಂಗಿಗೆ, ಅಂದರೆ ಒತ್ತಿದ ಮೇಲೆ ದಿನಗಟ್ಟಲೆ ಒದ್ದೆಯಾಗಿಡಲು, ಎರಡು ಮೂರು ಲೀಟರ್. ಆರು ಸಾವಿರ ಬ್ಲಾಕಿಗೆ ಇಪ್ಪತ್ತು ಸಾವಿರ ಲೀಟರ್ ದಾಟುತ್ತದೆ, ಅಂದರೆ 20 ಲೀಟರಿನ ಹಳದಿ ಕ್ಯಾನು ಸಾವಿರಕ್ಕೂ ಮೇಲೆ. ಜನವರಿಯಲ್ಲಿ ಊರಿಗಿರುವ ಒಂದೇ ಬೋರ್‌ವೆಲ್ಲಿನ ಕೈಪಂಪಿನಿಂದ ಅಷ್ಟನ್ನು ಎತ್ತಿದರೆ, ಯಾವ ವಿಧವೆಯರಿಗೆ ಮನೆ ಕಟ್ಟಲು ಹೋಗಿದ್ದೇವೋ ಅವರೇ ಸಾಲಿನ ಕೊನೆಗೆ ಬೀಳುತ್ತಾರೆ. ಜಗಳ ಖಂಡಿತ. ಆದ್ದರಿಂದ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಹೊಂಡದಲ್ಲಿ ನೀರಿರುವಾಗಲೇ, ಹುಲ್ಲಿನ ಚಪ್ಪರದಡಿ ಒತ್ತಿ ಮುಗಿಸುವುದು, ಡಿಸೆಂಬರ್‌ನಿಂದ ಗೋಡೆ, ಮಾರ್ಚ್ ಗಾಳಿಗೆ ಮುಂಚೆ ತಗಡು. ದಾನಿಗಳ ಹಣ ಡಿಸೆಂಬರ್ ಹಬ್ಬದ ಕಾಣಿಕೆಯಿಂದ ಬರುತ್ತದೆ, ನಮಗೆ ಬೇಕಾಗಿರುವುದು ಸೆಪ್ಟೆಂಬರಿನಲ್ಲಿ. ಈ ನಾಲ್ಕು ತಿಂಗಳ ಅಂತರ ತುಂಬಲು ಒಂದೇ ದಾರಿ, ಹಿಂದಿನ ಕಟ್ಟಡದ ಬಾಬ್ತಿನಲ್ಲೇ ಮುಂದಿನ ಕಟ್ಟಡದ ಬ್ಲಾಕಿನ ಸಿಮೆಂಟ್ ಸೇರಿಸಿ ಅಂದಾಜುಪಟ್ಟಿ ಕಳಿಸುವುದು. ಪಟ್ಟಿಯಲ್ಲಿ ಅದು ಎದ್ದು ಕಾಣುವಂತೆ ಬರೆಯಿರಿ, ಲೆಕ್ಕ ಕೇಳುವವರು ಕೇಳಿಯೇ ಕೇಳುತ್ತಾರೆ.

ಮಣ್ಣು. ಮೇಲಿನ ಅರ್ಧ ಮೀಟರ್ ಕರಿಮಣ್ಣು ತೆಗೆದು ಕೆಳಗಿನ ಕೆಂಪು ಮೊರಂ. ಬಾಟಲಿಯಲ್ಲಿ ಮಣ್ಣು ನೀರು ಕುಲುಕಿ ಮರಳು, ಜೇಡಿ ಪದರ ನೋಡುವ ಪರೀಕ್ಷೆಯೊಂದಿದೆ. ನಾನು ನಂಬುವುದು 60 ಸೆಂಟಿಮೀಟರ್ ಉದ್ದ, ನಾಲ್ಕು ನಾಲ್ಕು ಸೆಂಟಿಮೀಟರಿನ ಪೆಟ್ಟಿಗೆಯನ್ನು. ಹಸಿ ಮಣ್ಣು ತುಂಬಿ ವಾರ ನೆರಳಲ್ಲಿಟ್ಟು, ಎಲ್ಲಾ ಬಿರುಕನ್ನೂ ಒಂದು ತುದಿಗೆ ತಳ್ಳಿ ಅಳೆಯುವುದು. ಕುಗ್ಗಿದ್ದು 15 ಮಿಲಿಮೀಟರಿನೊಳಗಿದ್ದರೆ 1:18 (ಒಂದು ಪಾಲು ಸಿಮೆಂಟಿಗೆ ಹದಿನೆಂಟು ಪಾಲು ಮಣ್ಣು), 30ರೊಳಗೆ 1:16, 45ರೊಳಗೆ 1:14. ಅದಕ್ಕೂ ಮೀರಿದರೆ ಸಿಮೆಂಟ್ ಸುರಿಯಬೇಡಿ, ಮರಳು ಬೆರೆಸಿ. ಕೆಲವು ತಗ್ಗು ಜಾಗದಲ್ಲಿ ಎರೆಮಣ್ಣು ಸಿಗುತ್ತದೆ, ಅದನ್ನು ಮುಟ್ಟಲೇಬೇಡಿ. ಒತ್ತಿದಾಗ ನುಣ್ಣಗೆ ಚೆಂದ ಕಾಣುತ್ತದೆ, ಹತ್ತನೇ ದಿನಕ್ಕೆ ಮೂಲೆ ಮೂಲೆ ಸೀಳುತ್ತದೆ. ಎರಡು ಗುಂಡಿಯ ಮಣ್ಣು ಬೆರೆಸುವುದರಲ್ಲಿ ನಮ್ಮದೊಂದು ಲೆಕ್ಕವಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಬಂದು ಗುಂಡಿ ತೋರಿಸಿದವರಿಗೆ ಹೇಳುತ್ತೇವೆ.

ಇನ್ನು ಎಲ್ಲ ತಂಡಗಳೂ ಎಡವುವ ಜಾಗಕ್ಕೆ ಬರೋಣ: ಅಚ್ಚಿಗೆ ತುಂಬುವ ಮಣ್ಣಿನ ಪ್ರಮಾಣ. ಕೈಯಂತ್ರದಲ್ಲಿ ಹಿಡಿ ಪೂರ್ತಿ ಕೆಳಗೆ ಬಂದರೆ ಬ್ಲಾಕಿನ ಎತ್ತರ ಒಂದೇ. ಮಣ್ಣು ಜಾಸ್ತಿಯಾಗಿ ಹಿಡಿ ಅರ್ಧಕ್ಕೆ ನಿಂತರೆ ಎರಡು ಮೂರು ಮಿಲಿಮೀಟರ್ ಎತ್ತರ ಕೂಡುತ್ತದೆ. ಕಮ್ಮಿ ತುಂಬಿದರೆ ಎತ್ತರ ಸರಿ, ಒಳಗೆ ಪೊಳ್ಳು. ಹೆಬ್ಬೆರಳಲ್ಲಿ ಮೂಲೆ ಒತ್ತಿದರೆ ಪುಡಿ ಉದುರುತ್ತದೆ, ಬೇರೆ ಪರೀಕ್ಷೆ ಬೇಡ. ಗೋಡೆ ಏರುತ್ತಾ ಹತ್ತನೇ ವರಸೆಗೆ ಬಂದಾಗ ಒಂದು ಮೂಲೆ ಇನ್ನೊಂದಕ್ಕಿಂತ ಎರಡು ಸೆಂಟಿಮೀಟರ್ ಮೇಲೆ, ಕೊಂಡಿಗಳು ಕೂರುವುದಿಲ್ಲ, ಮೇಸ್ತ್ರಿ ಸುತ್ತಿಗೆಯಿಂದ ಕೊಂಡಿ ಒಡೆದು ಕೂರಿಸುತ್ತಾನೆ. ಅಲ್ಲಿಗೆ ಇಂಟರ್‌ಲಾಕ್ ಹೆಸರಿಗಷ್ಟೇ. ಪರಿಹಾರ ಸಲಿಕೆಯನ್ನು ದೂರ ಇಡುವುದು. ಅಡುಗೆ ಎಣ್ಣೆಯ ಡಬ್ಬಿ ಕತ್ತರಿಸಿ, ಆ ಗುಂಡಿಯ ಮಣ್ಣಿಗೆ ಸರಿಯಾಗಿ ಒಂದು ಬ್ಲಾಕಿನಷ್ಟು ಹಿಡಿಯುವಂತೆ ಗುರುತು ಮಾಡಿ, ಮೇಲ್ಗಡೆ ಕಂಬಿಯಿಂದ ಸವರಿ ಸುರಿಯುವುದು. ಗುಂಡಿ ಬದಲಾದರೆ ಡಬ್ಬಿಯ ಗುರುತೂ ಬದಲಾಗಬೇಕು. ಗಂಟೆಗೊಮ್ಮೆ ಒಂದು ಬ್ಲಾಕನ್ನು ತೂಗಿ. ಸರಿಯಾಗಿ ಬಂದ ಬ್ಲಾಕಿನ ತೂಕಕ್ಕಿಂತ ಇನ್ನೂರು ಗ್ರಾಂ ಏರುಪೇರು ಆದರೆ ನಿಲ್ಲಿಸಿ.

ಕಲಸಿದ ಮಣ್ಣು ಮುಕ್ಕಾಲು ಗಂಟೆಯೊಳಗೆ ಖಾಲಿಯಾಗಬೇಕು, ಆದ್ದರಿಂದ ಒಂದು ಸಲಕ್ಕೆ ಅರ್ಧ ಚೀಲಕ್ಕಿಂತ ಹೆಚ್ಚು ಒಡೆಯಬಾರದು. ಊಟದ ಹೊತ್ತಿಗೆ ಮುಂಚೆ ಕಲಸಿಟ್ಟು ಊಟವಾದ ಮೇಲೆ ಒತ್ತಿದ ಬ್ಲಾಕು ಗುರುತಿಸುವುದು ಸುಲಭ: ಅವು ಮೊದಲ ಮಳೆಗೆ ಹಲ್ಲುಕಿತ್ತ ಬಾಯಂತೆ ಕಾಣುತ್ತವೆ. ಮುಷ್ಟಿಯಲ್ಲಿ ಹಿಡಿದ ಉಂಡೆಯನ್ನು ಎದೆಮಟ್ಟದಿಂದ ಬಿಟ್ಟಾಗ ಮೂರು ನಾಲ್ಕು ಚೂರಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಹೆಚ್ಚು.

ಕೂಲಿಯ ವಿಚಾರ. ಐದು ಜನರ ತಂಡ ದಿನಕ್ಕೆ 300-350 ಒತ್ತುತ್ತದೆ. ದಿನಗೂಲಿ ಕೊಟ್ಟರೆ 180ಕ್ಕೆ ನಿಲ್ಲುತ್ತದೆ, ಬ್ಲಾಕಿನ ಲೆಕ್ಕ ಕೊಟ್ಟರೆ 450 ಆಗುತ್ತದೆ, ಅರ್ಧ ಪೊಳ್ಳು. ಬ್ಲಾಕಿಗೆ 150 ಶಿಲ್ಲಿಂಗ್, ಆದರೆ ಏಳು ದಿನ ಪ್ಲಾಸ್ಟಿಕ್ ಹೊದಿಕೆಯಡಿ ನೆನೆದ ಮೇಲೆ ಎಣಿಸಿ ತೆಗೆದುಕೊಂಡದ್ದಕ್ಕೆ ಮಾತ್ರ. ಈ ಒಂದು ಬದಲಾವಣೆಯಿಂದ ಕ್ಯೂರಿಂಗ್ ತಾನಾಗಿಯೇ ಸರಿಹೋಯಿತು, ಏಕೆಂದರೆ ಒಣಗಿ ಸೀಳಿದ್ದು ಅವರ ಜೇಬಿನಿಂದ ಹೋಗುತ್ತದೆ. ಮೊದಲ ವಾರ ಮುಂಗಡ ಕೊಡದಿದ್ದರೆ ಮಾತ್ರ ಯಾರೂ ಬರುವುದಿಲ್ಲ. ಏಳು ದಿನ ಹೊಟ್ಟೆ ಕಟ್ಟಿ ಕೂರಲು ಅವರಿಗೂ ಆಗದು. ನಾವು ಮೊಬೈಲ್ ಮನಿಯಲ್ಲಿ ಅರ್ಧ ಮೊದಲೇ ಹಾಕುತ್ತೇವೆ. ಯಂತ್ರಕ್ಕೆ ಸಾವಿರದಿಂದ ಒಂದೂವರೆ ಸಾವಿರ ಡಾಲರ್ ಬಿದ್ದ ನೆನಪು, ನೈರೋಬಿಯ ಮಕಿಗಾ ಕಂಪನಿಯ ಯಂತ್ರ.

ಹಿರಿಯರ ಅನುಮಾನ ಕಳೆಯಲು ಭಾಷಣ ಬೇಡ. 28 ದಿನ ಆದ ಬ್ಲಾಕನ್ನು ಶನಿವಾರ ಡ್ರಮ್ಮಿನ ನೀರಲ್ಲಿ ಮುಳುಗಿಸಿ, ಪಕ್ಕದಲ್ಲೇ ಊರಿನ ಹಸಿಮಣ್ಣಿನ ಇಟ್ಟಿಗೆಯನ್ನೂ ಇಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಕೆಸರು, ಇನ್ನೊಂದು ಇಡಿಯಾಗಿ ಬರುತ್ತದೆ. ಎರಡು ಬ್ಲಾಕಿನ ಮೇಲೆ ಅದನ್ನು ಅಡ್ಡ ಇಟ್ಟು ಸಭಾಪಾಲಕರನ್ನೇ ಹತ್ತಿಸಿ. ನೆನೆದ ಬ್ಲಾಕು ಒಣಗಿದ್ದಕ್ಕಿಂತ ಅರ್ಧದಷ್ಟೇ ಬಲ ತೋರುತ್ತದೆ, ಆದರೂ ಮನುಷ್ಯನ ಭಾರಕ್ಕೆ ಧಾರಾಳ. ತೂಕದ ಸಭಾಪಾಲಕರಿದ್ದರೆ ಇನ್ನೂ ಒಳ್ಳೆಯದು.

ಗೋಡೆ ಕಟ್ಟುವುದರಲ್ಲಿ ಹೇಳುವುದು ಕಡಿಮೆ. ನೆಲದೊಳಗೆ ಈ ಬ್ಲಾಕು ಬೇಡ. ಪಾಯ, ತಳಗೋಡೆ ಕಲ್ಲಿನದು, ನೆಲಮಟ್ಟದಿಂದ 30 ಸೆಂಟಿಮೀಟರ್ ಮೇಲಕ್ಕೆ, ಅದರ ಮೇಲೆ ತೇವ ತಡೆಯುವ ಹಾಳೆ. ಮೊದಲ ವರಸೆಗೆ ಒಂದಿಡೀ ದಿನ ಕೊಡಿ, ದಾರ, ರಸಮಟ್ಟ ಬಿಟ್ಟು ಕದಲಬೇಡಿ. ಮೇಲೆ ಸುತ್ತ ಕಾಂಕ್ರೀಟ್ ಬೆಲ್ಟ್, 12 ಮಿಲಿಮೀಟರಿನ ಕಂಬಿ. ತಗಡು ಹೊರಗೆ 70-80 ಸೆಂಟಿಮೀಟರ್ ಚಾಚಬೇಕು; ಇದರಲ್ಲಿ ಜಿಪುಣತನ ಮಾಡಿದವರ ಗೋಡೆಯ ಕೆಳಗಿನ ಮೂರು ವರಸೆ ಹನಿಯ ಏಟಿಗೆ ಸವೆದಿರುವುದನ್ನು ಕಂಡಿದ್ದೇನೆ. ಮಾರ್ಚ್-ಏಪ್ರಿಲ್ ಬಿರುಗಾಳಿ ಛಾವಣಿಯನ್ನು ಹಾಗೇ ಎತ್ತಿಕೊಂಡು ಹೋಗುತ್ತದೆ, ಆದ್ದರಿಂದ ಮರದ ತೊಲೆಗಳನ್ನು ಕಟ್ಟುವ ಪಟ್ಟಿ ಬೆಲ್ಟಿನಿಂದಲ್ಲ, ಅದಕ್ಕಿಂತ ಮೂರು ನಾಲ್ಕು ವರಸೆ ಕೆಳಗಿನಿಂದ ಏಳಬೇಕು. ಶೀಟಿನ ಮೇಲಿನ ಗೇಜ್ ಮುದ್ರೆಯನ್ನು ನಂಬಬೇಡಿ, ಮೈಕ್ರೋಮೀಟರ್ ಜೇಬಲ್ಲಿರಲಿ: 28 ಗೇಜ್ ಅಂದರೆ ಸುಮಾರು 0.37 ಮಿಲಿಮೀಟರ್, 30 ಅಂದರೆ 0.31. ಛಾವಣಿಯೇ ಒಟ್ಟು ಖರ್ಚಿನ ಮೂರನೇ ಒಂದು ಭಾಗ ಮೀರುತ್ತದೆ, ಮೋಸವೂ ಅಲ್ಲೇ.

ಸಿಡಿಲಿನ ಮಾತನ್ನು ಈ ಕಡೆ ಯಾವ ಕಟ್ಟಡದಲ್ಲೂ ಬಿಡುವಂತಿಲ್ಲ. 2011ರ ಜೂನ್‌ನಲ್ಲಿ ಕಿರ್ಯಾಂಡೊಂಗೊದ ಶಾಲೆಯೊಂದರಲ್ಲಿ 18 ಮಕ್ಕಳು ಸಿಡಿಲಿಗೆ ಸತ್ತರು. 2024ರ ನವೆಂಬರ್‌ನಲ್ಲಿ ಲಾಮ್ವೊ ಜಿಲ್ಲೆಯ ಪಲಬೆಕ್ ನಿರಾಶ್ರಿತರ ನೆಲೆಯಲ್ಲಿ ಪ್ರಾರ್ಥನೆಗೆ ಸೇರಿದ್ದವರಲ್ಲಿ 14 ಜನ. ತಗಡಿನ ಛಾವಣಿ, ಮರದ ಕಂಬ, ಮಣ್ಣಿನ ನೆಲ ಸೇರಿದರೆ ತಗಡಿಗೆ ಬಿದ್ದದ್ದು ನೆಲಕ್ಕಿಳಿಯಲು ಜನರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ನಾಲ್ಕೂ ಮೂಲೆಯಲ್ಲಿ ತಗಡಿನಿಂದ ನೆಲಕ್ಕೆ ಪಟ್ಟಿ ಇಳಿಸಿ, ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ಸುತ್ತಲೂ ಹೂತ ಪಟ್ಟಿಗೆ ಜೋಡಿಸಿ, ಸಲಾಕೆ ಬಡಿಯಿರಿ. ನೆಲಕ್ಕಿಳಿಯುವ ವಿದ್ಯುತ್ತಿಗೆ ತಡೆಯ ಅಳತೆ ಹತ್ತು ಓಮಿನೊಳಗೆ ಬರಬೇಕು. ತಾಮ್ರ ಹಾಕಿದರೆ ತಿಂಗಳೊಳಗೆ ಕಳುವಾಗುತ್ತದೆ, ಸತು ಹೊದಿಸಿದ 30 × 3 ಮಿಲಿಮೀಟರಿನ ಕಬ್ಬಿಣದ ಪಟ್ಟಿಯೇ ಸಾಕು. ಈ ಬಾಬ್ತನ್ನು ಕಡಿತ ಮಾಡಿ ಅಂದ ದಾನಿಗಳಿಗೆ ಪೀಠೋಪಕರಣ ಕಡಿತ ಮಾಡಿ ಕಳಿಸಿದ್ದೇವೆ.

ಪಕ್ಕದ ಪ್ರಯೋಗಗಳೂ ಕೆಲವು ನಡೆದವು. ಗೆದ್ದಲು ಹುತ್ತದ ಮಣ್ಣನ್ನು ಊರವರು ಇಟ್ಟಿಗೆಗೆ ಬಳಸುತ್ತಾರೆ, ಜಿಗುಟು ಜಾಸ್ತಿ; ಒಂದು ಪಾಲು ಹುತ್ತಕ್ಕೆ ಎರಡು ಪಾಲು ಮರಳು ಸೇರಿಸಿದರೂ ಬ್ಲಾಕಿಗೆ ಒಗ್ಗಲಿಲ್ಲ, ವಿಧವೆಯರ ಮನೆಯ ನೆಲ ಬಡಿಯಲು ಮಾತ್ರ ಬೊಂಬಾಟ್. ಭತ್ತದ ಹೊಟ್ಟಿನ ಬೂದಿ ಸೇರಿಸಿ ಸಿಮೆಂಟ್ ಇಳಿಸಲು ನೋಡಿದೆವು, ಬೂದಿ ಒಂದೊಂದು ಸಲ ಒಂದೊಂದು ಬಣ್ಣ, ಬ್ಲಾಕೂ ಹಾಗೇ, ಕೈಬಿಟ್ಟೆವು. ಬಾಗಿದ ಬ್ಲಾಕಿನ ನೀರಿನ ತೊಟ್ಟಿ ಮಾತ್ರ ಗೆದ್ದಿತು. ಮಕೆರೆರೆ ವಿಶ್ವವಿದ್ಯಾಲಯದ ಮೋಸೆಸ್ ಮುಸಾಜಿ ಉಗಾಂಡದಲ್ಲಿ ಬೆಳೆಸಿದ ಮಾದರಿ ಅದು. ಚಾಚು ಸೇರಿ 180 ಚದರ ಮೀಟರಿನ ಛಾವಣಿಗೆ 20 ಮಿಲಿಮೀಟರ್ ಮಳೆ ಬಿದ್ದರೆ ಮೂರು ಸಾವಿರ ಲೀಟರ್ ಸಿಗುತ್ತದೆ. ಹತ್ತು ಸಾವಿರ ಲೀಟರಿನ ತೊಟ್ಟಿಯನ್ನು ಚರ್ಚಿಗಿಂತ ಮೊದಲೇ, ಪಕ್ಕದ ಶಾಲೆಯ ತಗಡಿಗೆ ಜೋಡಿಸಿ ಕಟ್ಟಿದರೆ ಬ್ಲಾಕಿನ ನೀರಿನ ಅರ್ಧ ಚಿಂತೆ ಹೋಗುತ್ತದೆ. ಒಳಗಿನ ಗಿಲಾವನ್ನು ಒಂದೇ ದಿನದಲ್ಲಿ ಮುಗಿಸಬೇಕು, ನಡುವೆ ನಿಲ್ಲಿಸಿದ ಗೆರೆಯಲ್ಲೇ ಸೋರುತ್ತದೆ. ಹೊರಗೆ ಮೂರು ವರಸೆಗೊಮ್ಮೆ ಮುಳ್ಳುತಂತಿ ಬಿಗಿಯಾಗಿ ಸುತ್ತಿ ಗಾರೆ ಮುಚ್ಚುವುದು. ಅದನ್ನು ಬಿಗಿಯುವ ರೀತಿ ನಮ್ಮ ತೊಟ್ಟಿ ಮೇಸ್ತ್ರಿಯ ಗುಟ್ಟು, ನನಗೂ ಪೂರ್ತಿ ತೋರಿಸಿಲ್ಲ.

ವಿದೇಶದಿಂದ ಹತ್ತು ಹದಿನೈದು ದಿನಕ್ಕೆ ಬರುವ ಸ್ವಯಂಸೇವಕರ ತಂಡಕ್ಕೆ ಯಂತ್ರದ ಹಿಡಿ ಕೊಡಬೇಡಿ. ಹದ ಕೈಗೆ ಹತ್ತುವಷ್ಟರಲ್ಲಿ ವಿಮಾನದ ಹೊತ್ತಾಗಿರುತ್ತದೆ. ಜರಡಿ ಹಿಡಿಯುವುದು, ಬ್ಲಾಕಿಗೆ ನೀರುಣಿಸುವುದು, ಬಣ್ಣ, ಬೆಂಚು ಇವು ಅವರಿಗೆ. ಜಾಗದ ಕಾಗದ ಅವರು ಬರುವ ಮೊದಲೇ ಮುಗಿದಿರಲಿ. ಇಲ್ಲಿಯ ಅಚೋಲಿ ಜನರ ನೆಲದಲ್ಲಿ ಭೂಮಿ ಕುಲದ್ದು, ಯುದ್ಧಕಾಲದ ಕ್ಯಾಂಪುಗಳಿಂದ ಮರಳಿದ ಮೇಲೆ ಗಡಿ ತಕರಾರು ಮನೆಮನೆಗೂ ಇದೆ. ಕುಲದ ಹಿರಿಯರು, ನಾಲ್ಕೂ ದಿಕ್ಕಿನ ನೆರೆಯವರು, ಎಲ್‌ಸಿ-1 (ಊರಮಟ್ಟದ ಸ್ಥಳೀಯ ಮಂಡಳಿ) ಅಧ್ಯಕ್ಷರು ಎಲ್ಲರ ಸಹಿ ಬಿದ್ದು, ಗಡಿಗೆ ಗಿಡ ನೆಟ್ಟಾದ ಮೇಲೆಯೇ ಪಾಯದ ದಾರ ಕಟ್ಟುವುದು.

ಯಂತ್ರ ಸುಮಾರು ಇಪ್ಪತ್ತು ಸಾವಿರ ಬ್ಲಾಕು ಕಂಡಾಗ ಅಚ್ಚಿನ ಒಳತಗಡು ಸವೆದು ಬ್ಲಾಕಿನ ಅಂಚಿನಲ್ಲಿ ರೆಕ್ಕೆ ಮೂಡತೊಡಗುತ್ತದೆ. ರೆಕ್ಕೆ ಎರಡು ಮಿಲಿಮೀಟರ್ ದಾಟಿದ ದಿನವೇ ಒಳತಗಡು ಬದಲಿಸಿ. ಗುಲುವಿನ ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಆಗುತ್ತದೆ, ಅಳತೆಗೆ ಹೊಸ ಯಂತ್ರದಲ್ಲಿ ಒತ್ತಿದ ಮೊದಲ ದಿನದ ಬ್ಲಾಕೊಂದನ್ನು ಬಣ್ಣ ಹಚ್ಚಿ ಎತ್ತಿಟ್ಟಿರಬೇಕು.