ಹೇಮಾವತಿ ಹಿನ್ನೀರಲ್ಲಿ ತೆಪ್ಪ ತೇಲಿಬಿಟ್ಟು ಬಾಳೆ ಮೀನಿಗೆ ಗಾಳ: ನನ್ನ ಅನುಭವ

ದೊಡ್ಡ ಬಾಳೆ ಮೀನು (ಮೀಸೆಯಿರುವ ಸಿಹಿನೀರಿನ ಮೀನು, ಕೆಲವರ ಬಾಯಲ್ಲಿ ವಾಳೆ) ಸಿಕ್ಕಿತು ಅಂದರೆ ಎಲ್ಲರೂ ಕೇಳುವುದು ಒಂದೇ: ಎರೆ ಏನು ಹಾಕಿದ್ರಿ? ತೆಪ್ಪ (ಹರಿಗೋಲು) ಎಷ್ಟು ಜೋರಾಗಿ ತೇಲ್ತಿತ್ತು ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮುಕ್ಕಾಲು ಪಾಲು ಕೆಲಸ ಅಲ್ಲೇ ಇದೆ. ಗಾಳಿಗೆ ತೆಪ್ಪ ಬಿಟ್ಟು, ಹಿಂದೆ ಎರೆಯನ್ನು ನೆಲ ಸವರುತ್ತಾ ಎಳೆದುಕೊಂಡು ಹೋಗುವ ಈ ಪದ್ಧತಿಯಲ್ಲಿ ನೂರು ಮೀಟರ್ ದಾಟಲು 5ರಿಂದ 10 ನಿಮಿಷ ಹಿಡಿಯಬೇಕು. ಫೋನಿನ ಮ್ಯಾಪ್ ಸಾಕು, ಬೇರೆ ಯಂತ್ರ ಬೇಡ. ಐದು ನಿಮಿಷಕ್ಕಿಂತ ಮೊದಲೇ ದಾಟಿದರೆ ಎರೆ ನೆಲ ಬಿಟ್ಟು ಮೇಲೆ ಹಾರುತ್ತದೆ. ಹತ್ತು ನಿಮಿಷದ ಮೇಲಾದರೆ ಎರೆ ಒಂದೇ ಕಡೆ ಬಿದ್ದಿರುತ್ತದೆ, ಏಡಿ ಮತ್ತು ಜಿಲೇಬಿ ಮೀನು (ತಿಲಾಪಿಯಾ) ಅದನ್ನು ಕಿತ್ತು ಮುಗಿಸುತ್ತವೆ.

ನಮ್ಮ ತೆಪ್ಪದ ತೊಂದರೆ ಅದರ ಆಕಾರದ್ದು. ದುಂಡಗಿರುವುದರಿಂದ ಗಾಳಿ ಬಿದ್ದ ತಕ್ಷಣ ಗಿರಗಿರ ತಿರುಗುತ್ತದೆ, ಎರಡು ರಾಡ್ ಇಟ್ಟಿದ್ದರೆ ಎರಡು ದಾರವೂ ಹೆಣೆದುಕೊಳ್ಳುತ್ತವೆ. ಇದಕ್ಕೆ ಮದ್ದು ನೀರಿನೊಳಗಿನ ಚೀಲ, ಅದು ನೀರು ತುಂಬಿಕೊಂಡು ತೆಪ್ಪವನ್ನು ಹಿಂದಕ್ಕೆ ಹಿಡಿದಿಡುತ್ತದೆ. ಕಾಫಿ ಒಣಗಿಸಲು ಹಾಸುವ ಟಾರ್ಪಾಲಿನ್ ಹಳೆಯದಿದ್ದರೆ ಅದನ್ನೇ ಶಂಕುವಿನ ಆಕಾರಕ್ಕೆ ಹೊಲಿಯಿರಿ: ಬಾಯಿ 60 ಸೆಂ.ಮೀ., ಉದ್ದ ಒಂದು ಮೀಟರ್, ಬಾಲದಲ್ಲಿ 10 ಸೆಂ.ಮೀ. ತೂತು. ಬಾಯಿಗೆ 6 ಎಂ.ಎಂ. ಕಂಬಿಯ ಬಳೆ. ಬಳೆಯ ನಾಲ್ಕು ಕಡೆಯಿಂದ ಹಗ್ಗ ತಂದು ಒಂದೇ ಗಂಟಿಗೆ ಸೇರಿಸಿ, ಅಲ್ಲಿಂದ ಮೂರು ಮೀಟರ್ ಹಗ್ಗ ಬಿಡಬೇಕು. ಬಳೆಯ ಮೇಲ್ಭಾಗಕ್ಕೆ ಖಾಲಿ ನೀರಿನ ಬಾಟಲಿ ಕಟ್ಟದಿದ್ದರೆ ಚೀಲ ಮುಳುಗಿ ಮರದ ಬೊಡ್ಡೆಗೆ ಸಿಕ್ಕಿಕೊಳ್ಳುತ್ತದೆ. ಬಾಲಕ್ಕೆ ಇನ್ನೊಂದು ತೆಳು ಹಗ್ಗ ಇರಲಿ, ಅದನ್ನೆಳೆದರೆ ಚೀಲ ತಿರುವಿಕೊಂಡು ನೀರು ಚೆಲ್ಲಿ ಹಗುರವಾಗಿ ಮೇಲೆ ಬರುತ್ತದೆ. ಬಾಯಿ ಕಡೆಯಿಂದ ಎಳೆಯಹೋದರೆ ತೋಳು ಸೋಲುತ್ತದೆಯೇ ಹೊರತು ಚೀಲ ಬರುವುದಿಲ್ಲ.

ಚೀಲವನ್ನು ಅಂಚಿನ ಬಿದಿರಿಗೆ ಒಂದೇ ಕಡೆ ಕಟ್ಟಿದರೆ ತಿರುಗುವುದು ನಿಲ್ಲುತ್ತದೆ, ಆದರೆ ಓಲಾಟ ಉಳಿಯುತ್ತದೆ. ಎರಡು ಅಡಿ ಅಂತರದಲ್ಲಿ ಎರಡು ಕಡೆ ಕಟ್ಟಿ ಕವೆಯ ಹಾಗೆ ಮಾಡಿದರೆ ತೆಪ್ಪ ನೆಟ್ಟಗೆ ಹೋಗುತ್ತದೆ. ಗಾಳಿ ಬರುವ ದಿಕ್ಕಿಗೆ ಚೀಲ, ಅದರ ಎರಡು ಪಕ್ಕಕ್ಕೆ ಒಂದೊಂದು ರಾಡ್. ಎರಡು ಇಂಚಿನ ಪಿವಿಸಿ ಪೈಪ್ ತುಂಡನ್ನು ಅಂಚಿಗೆ ಬಿಗಿದರೆ ಅದೇ ರಾಡ್ ಸ್ಟ್ಯಾಂಡ್. ಒಬ್ಬರಿಗೆ ಎರಡು ರಾಡಿಗಿಂತ ಹೆಚ್ಚು ಬೇಡ.

ಎರೆಯನ್ನು ತಳಕ್ಕಿಳಿಸುವ ಸೀಸದ ವಿಷಯಕ್ಕೆ ಸ್ವಲ್ಪ ಹೆಚ್ಚೇ ಹೇಳಬೇಕು, ಇಲ್ಲಿನ ನೆಲ ಅಂಥದ್ದು. ಶೆಟ್ಟಿಹಳ್ಳಿ ಚರ್ಚಿನ ಸುತ್ತಮುತ್ತಲ ಹಿನ್ನೀರಿನಲ್ಲಿ ಮುಳುಗಿದ ಹೊಲದ ಬದು, ಕಲ್ಲುಗೋಡೆ, ಮರದ ಬೊಡ್ಡೆ ಎಲ್ಲ ಇವೆ. ಅಂಗಡಿಯ ದುಂಡನೆ ಸೀಸ ಎರಡು ಸಂದಿನ ನಡುವೆ ಕೂತರೆ ಮತ್ತೆ ಏಳುವುದಿಲ್ಲ. ಪೈಜಾಮಕ್ಕೆ ಹಾಕುವ ಟೊಳ್ಳು ನೈಲಾನ್ ಲಾಡಿಯನ್ನು ಒಂದು ಗೇಣು ಕತ್ತರಿಸಿ, ಒಳಗೆ ಬೀಸುಬಲೆಯ ಸೀಸದ ಗುಂಡು ಸಾಲಾಗಿ ತುಂಬಿ, ಎರಡೂ ತುದಿಯನ್ನು ಲೈಟರಿನಲ್ಲಿ ಕರಗಿಸಿ ಮುಚ್ಚಿ. ಹಾವಿನ ಹಾಗೆ ಬಳುಕುವ ಈ ಸೀಸ ಸಂದಿಯಿಂದ ಜಾರಿ ಬರುತ್ತದೆ. ಐದಾರು ಮೀಟರ್ ಆಳಕ್ಕೆ 40ರಿಂದ 60 ಗ್ರಾಂ ಸಾಕು. ಇದನ್ನು ಮುಖ್ಯ ದಾರಕ್ಕಿಂತ ಅರ್ಧ ಶಕ್ತಿಯ ದಾರದಲ್ಲಿ ಕಟ್ಟಬೇಕು. ಸಿಕ್ಕಿಕೊಂಡರೆ ಸೀಸ ಮಾತ್ರ ಹೋಗಿ ಉಳಿದದ್ದು ಕೈಗೆ ಬರುತ್ತದೆ.

ಮುಖ್ಯ ದಾರ 40 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ ದಾರ), ನಂತರ ಸ್ವಿವೆಲ್ (ದಾರ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ), ಅಲ್ಲಿಂದ ಎರಡೂವರೆ ಅಡಿ ಉದ್ದಕ್ಕೆ ದಪ್ಪ ಮೋನೋ (ಒಂದೇ ಎಳೆಯ ನೈಲಾನ್ ದಾರ). ಇಲ್ಲಿ ಮಾತ್ರ 80 ಪೌಂಡಿನದೇ ಇರಲಿ. ಬಾಳೆ ಮೀನಿನ ಬಾಯಲ್ಲಿ ಸಣ್ಣ ಹಲ್ಲು ಸಾಲುಗಟ್ಟಿರುತ್ತವೆ. ತೆಳು ದಾರವನ್ನು ಕತ್ತರಿಸುವುದಕ್ಕಿಂತ ತೇಯ್ದು ಹಾಕುತ್ತವೆ. ಕೊಕ್ಕೆಯಿಂದ ಒಂದು ಗೇಣು ಹಿಂದೆ ಹೆಬ್ಬೆರಳು ಗಾತ್ರದ ಬೆಂಡು ಕೂರಿಸಿದರೆ ಎರೆ ನೆಲದಿಂದ ಸ್ವಲ್ಪ ಎತ್ತರ ತೇಲುತ್ತದೆ, ಕಸಕ್ಕೂ ಸಿಗುವುದಿಲ್ಲ. ಬೆಂಡು ಕೊಕ್ಕೆಗೆ ಅಂಟಿಕೊಂಡಂತಿದ್ದರೆ ಮೀನು ಅದನ್ನೂ ಕಚ್ಚಿ ಉಗುಳುತ್ತದೆ.

ಕೊಕ್ಕೆ 6/0 ಅಥವಾ 7/0 ಅಳತೆಯ ಸರ್ಕಲ್ (ಮೊನೆ ಒಳಕ್ಕೆ ಬಾಗಿದ ದುಂಡನೆ ಕೊಕ್ಕೆ). ತಾಜಾ ಜಿಲೇಬಿಯ ಪಕ್ಕೆಯ ಮಾಂಸವನ್ನು ಚರ್ಮ ಸಮೇತ ಮೂರು ಇಂಚು ಉದ್ದ, ಒಂದು ಇಂಚು ಅಗಲಕ್ಕೆ ಸೀಳಿ, ಹುರುಪೆ ತೆಗೆದು, ಅಗಲದ ತುದಿಯಲ್ಲಿ ಒಂದೇ ಸಲ ಚುಚ್ಚಿ. ಎರಡು ಸಲ ಚುಚ್ಚಿ ಮಡಚಿದರೆ ನೀರಿನಲ್ಲಿ ತಿರುಪಿನ ಹಾಗೆ ಸುತ್ತುತ್ತದೆ, ಕೊಕ್ಕೆಯ ಮೊನೆಯೂ ಮುಚ್ಚಿಹೋಗುತ್ತದೆ. ಬಿಡುವ ಮೊದಲು ತೆಪ್ಪದ ಪಕ್ಕದಲ್ಲೇ ಎರೆಯನ್ನು ಎಳೆದು ನೋಡಿ. ಸುತ್ತಿದರೆ ಚಾಕುವಿನಲ್ಲಿ ಅಂಚು ನೇರ ಮಾಡಿ. ಮಂಗಳೂರಿನಿಂದ ಬರುವ ಭೂತಾಯಿ ಮೀನಿನ ವಾಸನೆ ಚೆನ್ನ, ಎಣ್ಣೆಯೂ ಜಾಸ್ತಿ, ಆದರೆ ಮೆತ್ತಗೆ. ಹಿಂದಿನ ರಾತ್ರಿ ಕಲ್ಲುಪ್ಪಿನಲ್ಲಿ ಹಾಕಿಟ್ಟರೆ ಗಟ್ಟಿಯಾಗುತ್ತದೆ. ಕೋಳಿ ಕರುಳು ಈ ಪದ್ಧತಿಗೆ ಬೇಡ, ಎಳೆತಕ್ಕೆ ನಿಲ್ಲುವುದಿಲ್ಲ.

ಎಲ್ಲಿ ತೇಲಿಸಬೇಕು? ಹೇಮಾವತಿಯ ಹಳೆಯ ಪಾತ್ರ, ಯಗಚಿ ಬಂದು ಸೇರುತ್ತಿದ್ದ ಜಾಗ, ಇವೆಲ್ಲ ಈಗ ನೀರಿನಡಿ ಕಾಲುವೆಗಳಂತಿವೆ. ಬಾಳೆ ಮೀನು ಹಗಲಲ್ಲಿ ಆ ಕಾಲುವೆಯ ಅಂಚಿನಲ್ಲಿರುತ್ತದೆ. ತೇಲುವ ದಾರಿ ಅಂಚನ್ನು ಓರೆಯಾಗಿ ದಾಟಬೇಕು, ಹಾಗಾದಾಗಲೇ ಒಂದೇ ಓಟದಲ್ಲಿ ಎಲ್ಲ ಆಳವೂ ಸಿಗುತ್ತದೆ. ಬೇಸಿಗೆಯಲ್ಲಿ ಎಲ್ಲಕ್ಕಿಂತ ಆಳದ ಗುಂಡಿಗೆ ಆಸೆಪಡಬೇಡಿ, ತಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಆಳದ ಲೆಕ್ಕಕ್ಕೆ ಪತ್ರಿಕೆಯ ಜಲಾಶಯ ಮಟ್ಟವೇ ಸಾಕು. ಪೂರ್ಣ ಮಟ್ಟ 2922 ಅಡಿ. ಉದಾಹರಣೆಗೆ ಮಟ್ಟ 2910 ಇದ್ದಾಗ ಅಂಚಿನಲ್ಲಿ 9 ಮೀಟರ್ ಅಳೆದು ಬರೆದಿಟ್ಟಿದ್ದರೆ, ಮಟ್ಟ 2897ಕ್ಕೆ ಇಳಿದಾಗ ಅಲ್ಲಿ 5 ಮೀಟರ್ ಇರುತ್ತದೆ. ಪೂರ್ಣ ತುಂಬಿದ ಕಾಲದಲ್ಲಿ ಮೀನು ಹೊಲಗದ್ದೆಯ ಮೇಲೆಲ್ಲ ಹರಡಿಕೊಂಡಿರುತ್ತದೆ, ತೇಲಿಸುವುದು ದಂಡ.

ಹಿಂದಿನ ಸಂಜೆ ಬಿಟ್ಟ ಬಲೆಗಳನ್ನು ಮೀನುಗಾರರು ಬೆಳಿಗ್ಗೆ ಎತ್ತಿಕೊಂಡ ಮೇಲೆಯೇ ಇಳಿಯಬೇಕು. ಥರ್ಮಾಕೋಲ್ ತುಂಡಿನ ಸಾಲು ಕಂಡರೆ ಆ ಕಡೆ ತೇಲಲೇಬೇಡಿ, ಅದು ಇನ್ನೊಬ್ಬರ ಅನ್ನ. ಗಾಳ ಹಾಕಲು ಅನುಮತಿ ಬೇಕೇ ಎಂಬುದನ್ನು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡು ಹೋಗಿ. ಲೈಫ್ ಜಾಕೆಟ್ ಮೈಮೇಲಿರಬೇಕು, ಕೂರುವ ಹಲಗೆಯ ಕೆಳಗಲ್ಲ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಮೋಡ ಕಪ್ಪಾದರೆ ಮೀನು ಕಚ್ಚುತ್ತಿದ್ದರೂ ದಡಕ್ಕೆ ಹುಟ್ಟು ಹಾಕಿ.

ದಾರ 25ರಿಂದ 30 ಮೀಟರ್ ಹಿಂದೆ ಬಿಟ್ಟು, ಎರೆ ನೆಲ ಸವರುವಂತೆ ಸೀಸ ಹೊಂದಿಸಿ. ರಾಡಿನ ತುದಿಯಲ್ಲಿ ಟಕ್ ಟಕ್ ಅನ್ನುವುದು ನೆಲ. ತುದಿ ನಿಧಾನಕ್ಕೆ ಬಾಗಿ ಬಾಗಿಯೇ ಉಳಿದರೆ ಬೊಡ್ಡೆ. ಬಾಗಿ, ನಡುಗಿ, ಮತ್ತೆ ಜೋರಾಗಿ ಬಾಗಿದರೆ ಮೀನು. ಆಗ ಸ್ಟ್ಯಾಂಡಿನಲ್ಲೇ ಬಿಡಿ, ಎಳೆಯಬೇಡಿ. ಸರ್ಕಲ್ ಕೊಕ್ಕೆ ಬಾಯಿಯ ಮೂಲೆಗೆ ತಾನೇ ಬಂದು ಕೂರುತ್ತದೆ; ಜೋರಾಗಿ ಎಳೆದರೆ ಬಾಯಿಂದಲೇ ಜಾರಿ ಬರುತ್ತದೆ. ರಾಡ್ ಪೂರ್ತಿ ಬಾಗಿ ರೀಲ್ ಕೂಗಿದ ಮೇಲೆ ಎತ್ತಿಕೊಂಡು ಸುತ್ತಲು ಶುರು ಮಾಡಿ. ಜೊತೆಗಿದ್ದವರು ಇನ್ನೊಂದು ರಾಡ್ ಮತ್ತು ಚೀಲ ಎರಡನ್ನೂ ಮೇಲೆಳೆದುಕೊಳ್ಳಬೇಕು, ಇಲ್ಲದಿದ್ದರೆ ಮೀನು ಚೀಲದ ಹಗ್ಗ ಸುತ್ತಿಯೇ ಸುತ್ತುತ್ತದೆ.

ತೆಪ್ಪದ ಹತ್ತಿರ ಬಂದಾಗ ಬಾಯೊಳಗೆ ಹೆಬ್ಬೆರಳು ಹಾಕಬೇಡಿ. ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ, ಎತ್ತಲು ಗಂಟಿಲ್ಲದ ರಬ್ಬರ್ ಬಲೆ. ಗಿರ್ಲು (ಇನ್ನೊಂದು ಮೀಸೆ ಮೀನು) ಜಾತಿಯದು ಬಂದರೆ ಪಕ್ಕದ ಮುಳ್ಳಿನ ಮೇಲೆ ಕಣ್ಣಿರಲಿ, ಗರಗಸದ ಹಲ್ಲಿನಂಥದ್ದು, ಚುಚ್ಚಿದರೆ ತಾಸುಗಟ್ಟಲೆ ಉರಿ. ಬಾಳೆ ಮೀನು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ 'ವಲ್ನರಬಲ್', ಅಂದರೆ ಅಳಿವಿನ ಅಪಾಯಕ್ಕೆ ಸಿಲುಕಬಹುದಾದ ಜಾತಿ. ಮುಂಗಾರಿನ ಹೊಸ ನೀರಿಗೆ ಮೊಟ್ಟೆಯಿಡಲು ಮೇಲೇರುವ ತಿಂಗಳುಗಳಲ್ಲಿ ನಾನು ಗಾಳ ಹಾಕುವುದಿಲ್ಲ, ಉಳಿದ ಕಾಲದಲ್ಲಿ ಹೊಟ್ಟೆ ದಪ್ಪಗಿರುವ ದೊಡ್ಡದನ್ನು ಬಿಟ್ಟುಬಿಡುತ್ತೇನೆ. ಬಿಡುವಾಗ ದವಡೆ ಹಿಡಿದು ನೇತಾಡಿಸದೆ, ಒದ್ದೆ ಕೈಯನ್ನು ಹೊಟ್ಟೆಯಡಿ ಕೊಟ್ಟು ನೀರಿನಲ್ಲೇ ಹಿಡಿದಿದ್ದು, ಬಾಲ ತಾನಾಗಿ ಬೀಸಿದ ಮೇಲೆ ಕೈ ಸಡಿಲಿಸಿ.