ಕೆಟ್ಟ ಮೋಟರು, ಅವಸರದ ಬಿಲ್ಲು: ಹಣ ಕೊಡುವ ಮುನ್ನ ಆಡಬೇಕಾದ ಮಾತು

ಹುಬ್ಬಳ್ಳಿ-ಧಾರವಾಡದಲ್ಲಿ ದಿನವಿಡೀ ನೀರು ಸಿಗುವ ಕೆಲವು ವಾರ್ಡುಗಳನ್ನು ಬಿಟ್ಟರೆ ಉಳಿದ ಓಣಿಗಳಲ್ಲಿ ನಳ ಬರುವುದು ಹಲವು ದಿನಗಳಿಗೊಮ್ಮೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸಬೇಕಾದ ರಾತ್ರಿಯೇ ಮೋಟರು ಕೈಕೊಟ್ಟರೆ ಮನೆಯವರು ಸಿಕ್ಕ ನಂಬರಿಗೆ ಫೋನ್ ಮಾಡುತ್ತಾರೆ, ಬಂದವರು ಕೇಳಿದಷ್ಟು ಕೊಡುತ್ತಾರೆ, ಮರುದಿನ ಓಣಿಯೆಲ್ಲ ಹೇಳಿಕೊಂಡು ಮರುಗುತ್ತಾರೆ. ಕಳೆದ ಬೇಸಿಗೆಯಲ್ಲಿ ನಮ್ಮ ನೆರೆಮನೆಯವರು ಒಂದು ಕೆಪಾಸಿಟರ್ (ಮೋಟರು ತಿರುಗಲು ನೆರವಾಗುವ ಸಣ್ಣ ಬಿಡಿಭಾಗ) ಬದಲಿಸಿದ್ದಕ್ಕೆ 2,800 ರೂಪಾಯಿ ತೆತ್ತರು. ಜಗಳವಾಡಿದ್ದು ಮಾತ್ರ ಹಣ ಕೊಟ್ಟ ಮೇಲೆ.

ಮೊದಲು ದೋಷ ಎಲ್ಲಿದೆ ಎಂದು ನೋಡಿರಿ. ಮನೆಯ ದೀಪಗಳೂ ಆರಿದ್ದು, ಮನೆಯೊಳಗಿನ ಮೇನ್ ಸ್ವಿಚ್ಚು ತಾನಾಗಿ ಆಫ್ ಆಗಿಲ್ಲವಾದರೆ ಈ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಕರೆ ಮಾಡಿರಿ; ಕಂಬದ ಮೇಲಿನ ತೊಂದರೆಗೆ ಖಾಸಗಿಯವರನ್ನು ಕರೆಯಬಾರದು.

ಎರಡನೆಯದಾಗಿ, ಫೋನಿನಲ್ಲಿಯೇ ದರ ಕೇಳಿರಿ. ‘ಬಂದು ನೋಡೂದಕ್ಕ ಎಷ್ಟು, ರಾತ್ರಿ ಅಂತ ಹೆಚ್ಚಿಗಿ ಎಷ್ಟು ತಗೋತೀರಿ?’ ಎಂದು ನೇರವಾಗಿ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ‘ಆಮ್ಯಾಲ ನೋಡೂಣು ತಗೋರಿ ಅಕ್ಕಾರ’ ಎಂಬ ಉತ್ತರ ಬಂದರೆ ಬೇರೆಯವರಿಗೆ ಫೋನ್ ಮಾಡಿರಿ. ರಾತ್ರಿ ಹತ್ತು ಗಂಟೆಗೆ ಎದ್ದು ಬರುವವರು ಹೆಚ್ಚು ಕೇಳುವುದು ನ್ಯಾಯವೇ. ಆದರೆ ಅದನ್ನು ಬರುವ ಮೊದಲು ಹೇಳಬೇಕು. ಮೀಟರ್ ಬೋರ್ಡಿಗೆ ಯಾರೋ ಅಂಟಿಸಿ ಹೋದ ಚೀಟಿಯ ನಂಬರನ್ನೂ, ಹುಬ್ಬಳ್ಳಿಗೂ ಬೆಳಗಾವಿಗೂ ಒಂದೇ ನಂಬರು ತೋರಿಸುವ ಜಾಹೀರಾತುಗಳನ್ನೂ ನಾನಂತೂ ನಂಬುವುದಿಲ್ಲ.

ಮೂರನೆಯ ಹಂತದಲ್ಲಿ ಪಕ್ಕದಲ್ಲಿ ನಿಂತು ನೋಡಿರಿ. ಸ್ವಿಚ್ಚು ಹಾಕಿದಾಗ ಮೋಟರು ಗುಂಯ್‌ಗುಡುತ್ತದೆ ಆದರೆ ತಿರುಗುವುದಿಲ್ಲ ಎಂದಾದರೆ ಹಲವು ಸಲ ಕೆಟ್ಟಿರುವುದು ಕೆಪಾಸಿಟರ್ ಮಾತ್ರ. ವೈಂಡಿಂಗ್, ಅಂದರೆ ಮೋಟರಿನೊಳಗೆ ಸುತ್ತಿದ ತಂತಿ, ಸುಟ್ಟಿದ್ದರೆ ಸಾಮಾನ್ಯವಾಗಿ ಸುಟ್ಟ ವಾರ್ನಿಷಿನ ಕಮಟು ವಾಸನೆ ಬರುತ್ತದೆ. ಆದ್ದರಿಂದ ವೈಂಡಿಂಗ್ ಹೋಗಿದೆ ಎಂದವರಿಗೆ ಪರೀಕ್ಷಿಸುವ ಮೀಟರು ಹಚ್ಚಿ ತೋರಿಸಲು ಹೇಳಿರಿ. ನೀವಾಗಿಯೇ ಮುಚ್ಚಳ ಬಿಚ್ಚಲು ಹೋಗಬೇಡಿರಿ, ಏಕೆಂದರೆ ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಹೊಸದನ್ನು ಹಾಕುವಾಗ ಹೆಸರಿರುವ ಕಂಪನಿಯದನ್ನೇ, ಹಳೆಯದರ ಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡ್‌ನದನ್ನೇ (ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಹಾಕಿಸಿರಿ. ಡಬ್ಬಿಯಿಲ್ಲದೆ ಚೀಲದಿಂದ ತೆಗೆದು ಕೊಡುವ ಮಾಲು ಬೇಡವೇ ಬೇಡ.

ಈಗ ಬಿಲ್ಲಿನ ಮಾತು. ಹೆಚ್ಚಿನವರು ಎಡವುವುದು ಇಲ್ಲಿಯೇ. ಒಟ್ಟು ಮೊತ್ತವನ್ನು ಹಿಡಿದು ಚೌಕಾಶಿ ಮಾಡಬೇಡಿರಿ. ‘ಮುನ್ನೂರು ಬಿಡ್ರಿ ಅಣ್ಣಾರ’ ಎಂದ ಕೂಡಲೇ ಉಳಿದ ಎರಡೂವರೆ ಸಾವಿರವನ್ನು ನೀವು ಒಪ್ಪಿಕೊಂಡಂತಾಯಿತು. ಅದರ ಬದಲು ಒಂದು ಹಾಳೆ ಕೊಟ್ಟು ಬಂದದ್ದಕ್ಕೆ ಎಷ್ಟು, ಸಾಮಾನಿಗೆ ಎಷ್ಟು, ಕೆಲಸದ ಮಜೂರಿ ಎಷ್ಟು ಎಂದು ಮೂರು ಸಾಲುಗಳಲ್ಲಿ ಅವರ ಕೈಯಿಂದಲೇ ಬರೆಯಿಸಿರಿ. ಬಾಯಲ್ಲಿ ಸಲೀಸಾಗಿ ಬಂದ ಅಂಕಿ ಹಾಳೆಯ ಮೇಲೆ ಇಳಿಯುವಾಗ ಬಹಳ ಸಲ ತಾನಾಗಿಯೇ ಸಣ್ಣದಾಗುತ್ತದೆ. ಬಂದದ್ದರ ದರ ಫೋನಿನಲ್ಲಿ ಹೇಳಿದಷ್ಟೇ ಇರಬೇಕು. ಸಾಮಾನಿನ ಡಬ್ಬಿ ಕೇಳಿ ಇಸಿದುಕೊಂಡು ಅದರ ಮೇಲಿನ ಎಂಆರ್‌ಪಿ ಓದಿರಿ; ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಕೆಟ್ಟ ಸಾಮಾನನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ, ಮುಂದೆ ಅದೇ ಸಾಕ್ಷಿ. ಜಿಎಸ್‌ಟಿ ಎಂದು ಮೇಲೆ ಹಣ ಕೇಳಿದರೆ 15 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆಯಿರುವ ಬಿಲ್ಲು ಕೇಳಿರಿ. ಕರ್ನಾಟಕದಲ್ಲಿ ನೋಂದಾಯಿಸಿದವರ ಸಂಖ್ಯೆ 29ರಿಂದ ಆರಂಭವಾಗುತ್ತದೆ, ನೋಂದಣಿಯಿಲ್ಲದವರು ಆ ತೆರಿಗೆ ವಸೂಲಿ ಮಾಡುವಂತಿಲ್ಲ. ಇಷ್ಟಾದ ಮೇಲೆ ಉಳಿಯುವುದು ಮಜೂರಿ ಒಂದೇ. ಅದರ ಬಗ್ಗೆ ಅವರೆದುರಿಗೇ ಪರಿಚಯದ ಇನ್ನೊಬ್ಬ ಮಿಸ್ತ್ರಿಗೆ ಫೋನ್ ಹಚ್ಚಿ ಕೇಳಿರಿ. ದನಿ ಏರಿಸಬೇಡಿರಿ, ಕಳ್ಳ ಎನ್ನಬೇಡಿರಿ; ಮಾತು ಮರ್ಯಾದೆಗೆ ತಿರುಗಿದರೆ ದರದ ವಿಷಯ ಅಲ್ಲಿಗೇ ಮುಗಿಯುತ್ತದೆ.

ಮೋಟರನ್ನು ಅಂಗಡಿಗೆ ಒಯ್ಯುತ್ತೇನೆ ಎಂದರೆ ಇನ್ನೂ ಎಚ್ಚರ ಬೇಕು. ದರ ಗೊತ್ತುಮಾಡದೆ ಕಳಿಸಬೇಡಿರಿ; ರಿಪೇರಿ ಮಾಡಿದವರು ತಮಗೆ ನ್ಯಾಯವಾಗಿ ಬರಬೇಕಾದ ಮಜೂರಿ ಸಿಗುವವರೆಗೆ ವಸ್ತುವನ್ನು ಇಟ್ಟುಕೊಳ್ಳಲು 1872ರ ಭಾರತೀಯ ಒಪ್ಪಂದ ಕಾಯ್ದೆಯ 170ನೆಯ ಕಲಮು ಅವಕಾಶ ಕೊಡುತ್ತದೆ. ಒಪ್ಪಿದ ದರವನ್ನು ವಾಟ್ಸಾಪಿನಲ್ಲಿ ಬರೆಯಿಸಿಕೊಂಡೇ ಕಳಿಸಿರಿ. ತಾಮ್ರದ ದರ ತೆಗೆದುಕೊಂಡು ಅಲ್ಯೂಮಿನಿಯಂ ತಂತಿ ಸುತ್ತಿ ಕೊಡುವವರೂ ಇದ್ದಾರೆ. ಸುತ್ತಿ ಉಳಿದ ತುಂಡು ತಂತಿಯೊಂದನ್ನು ಬೇಡಿ ಪಡೆದು ಚಾಕುವಿನಿಂದ ಕೆರೆದರೆ ತಾಮ್ರ ಕೆಂಪಗೆ, ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತದೆ.

ಏನು ಮಾಡಿದರೂ ಒಪ್ಪದಿದ್ದರೆ ಹಾಳೆಯ ಫೋಟೋ ತೆಗೆದುಕೊಂಡು, ನಗದು ಕೊಡದೆ ಯುಪಿಐ ಮೂಲಕ ಪಾವತಿಸಿ, ಟಿಪ್ಪಣಿಯಲ್ಲಿ ‘ಆಕ್ಷೇಪದೊಂದಿಗೆ’ ಎಂದು ಬರೆಯಿರಿ. ಹೊರಗೆ ಹೋಗಲು ಒಪ್ಪದೆ ಬೆದರಿಸಿದರೆ 112ಕ್ಕೆ ಕರೆ ಮಾಡಿರಿ. ಮರುದಿನ ಹೆಚ್ಚಾದ ಮೊತ್ತವನ್ನು ಲೆಕ್ಕ ಹಾಕಿ, ಹದಿನೈದು ದಿನಗಳೊಳಗೆ ಮರಳಿಸುವಂತೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿರಿ.

ಜಿಲ್ಲಾ ಗ್ರಾಹಕ ಆಯೋಗ ಕೊನೆಯ ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿಯೇ, ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೂ ಐನೂರು ರೂಪಾಯಿಯ ವ್ಯತ್ಯಾಸಕ್ಕಾಗಿ ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಎಡತಾಕುವುದು ನನಗೆ ಸರಿಕಾಣುವುದಿಲ್ಲ. ಎರಡು-ಮೂರು ಸಾವಿರ ಮೀರಿದ್ದರೆ, ಬರಹದ ಹಾಳೆಯೂ ಹಳೆಯ ಕೆಪಾಸಿಟರೂ ನಿಮ್ಮ ಬಳಿ ಇದ್ದರೆ, ಅವಶ್ಯವಾಗಿ ಹೋಗಿರಿ.